ಮಲಗಿ ಗಳಿಸಿದ ಎತ್ತರ

ಎದ್ದು ಕೂತರೆ ಎಷ್ಟು ಹೋಗಬಹುದು? ಒಂದು ನೂಲೇ, ಎರಡೇ? ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಕೂತರೂ ಇಳಿದುಬಿಡುತ್ತದೆಯೇ? ಶೆಟ್ಟಿಕೆರೆಯ ಆಂಜನಪ್ಪ ಹಿಂದಿನ ದಿನ ಮಧ್ಯಾಹ್ನದಿಂದ ಚಾಪೆಯ ಮೇಲೆ ಅಂಗಾತ ಮಲಗಿ ಸೂರು ನೋಡುತ್ತಿದ್ದ. ಗಂಟಲು ಒಣಗಿತ್ತು. ಆದರೂ ಏಳಲಿಲ್ಲ.

ಅವತ್ತು ಹತ್ತು ಗಂಟೆಗೆ ತಿಪಟೂರಿನಲ್ಲಿ ಬಸ್ ಕಂಡಕ್ಟರ್ ಕೆಲಸಕ್ಕೆ ದೇಹಪರೀಕ್ಷೆ. ನೂರ ಅರವತ್ತು ಸೆಂಟಿಮೀಟರ್ ಎತ್ತರ ಇರಲೇಬೇಕು. ಬಾಗಿಲ ಚೌಕಟ್ಟಿಗೆ ನಿಂತು ಅಳೆದುಕೊಂಡರೆ ಆಂಜನಪ್ಪ ಸಂಜೆ ಹೊತ್ತು ಒಂದು ಸೆಂಟಿಮೀಟರ್ ಕಡಿಮೆ, ಬೆಳಿಗ್ಗೆ ಕೂದಲೆಳೆಯಷ್ಟು ಜಾಸ್ತಿ. ಕಾರಣ ಹೇಳಿದವರು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಗಳಿವೆಯಂತೆ. ಮಲಗಿದಾಗ ಅವು ಕೆರೆಯಲ್ಲಿ ನೆನೆಹಾಕಿದ ತೆಂಗಿನ ಮಟ್ಟೆಯ ಹಾಗೆ ನೀರು ಕುಡಿದು ಉಬ್ಬುತ್ತವೆ. ನಿಂತರೆ ಹಿಂಡಿಹೋಗುತ್ತವೆ, ಕೂತರೆ ಇನ್ನಷ್ಟು, ಬಗ್ಗಿದರಂತೂ ಕೇಳುವುದೇ ಬೇಡ.

ಬಗ್ಗುವುದೇ ಅವನ ಕಸುಬು. ಪಿಯುಸಿ ಪಾಸಾಗಿದ್ದರೂ ಒಂಬತ್ತು ವರ್ಷದಿಂದ ಗಂಗಾಧರಯ್ಯನವರ ತೋಟದಲ್ಲಿ, ನೆಲಕ್ಕೆ ನೆಟ್ಟ ಕಬ್ಬಿಣದ ಸಲಾಕೆಗೆ ಕಾಯಿ ಕುಕ್ಕಿ ಮಟ್ಟೆ ಸುಲಿಯುತ್ತಿದ್ದ. ದಿನಕ್ಕೆ ಸಾವಿರ ಕಾಯಿ, ಸಾವಿರ ಸಲ ಬಗ್ಗುವುದು. ಇಪ್ಪತ್ತೆಂಟಕ್ಕೇ ಅವನ ನೆರಳು ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬೀಳುತ್ತಿತ್ತು. ನೆಟ್ಟಗೆ ನಿಂತು ಮಾಡುವ ಕೆಲಸ ಸಿಕ್ಕರೆ ಅದೇ ಸ್ವರ್ಗ ಎಂದುಕೊಂಡಿದ್ದ. ವಯಸ್ಸಿನ ಮಿತಿ ಆ ವರ್ಷಕ್ಕೇ ಮುಗಿಯುತ್ತಿತ್ತು.

ಉದ್ದವಾಗಲೆಂದು ಮಲಗಿದ್ದೇನೆ ಎಂದು ಹೆಂಡತಿಗೆ ಹೇಳಲು ನಾಚಿಕೆ. ಬೆನ್ನು ಹಿಡಿದುಕೊಂಡಿದೆಯಾ ಎಂದು ಹೊಂಬಾಳಮ್ಮ ಕೇಳಿದಾಗ ಸುಮ್ಮನಿದ್ದ. ಅವಳು ಅದನ್ನೇ ಹೌದೆಂದು ತಿಳಿದು ಅಕ್ಕಪಕ್ಕದಲ್ಲಿ ಹೇಳಿದಳು. ಬೆಳಕು ಹರಿಯುವಷ್ಟರಲ್ಲಿ ಬೀದಿಯೇ ಮನೆಯೊಳಗಿತ್ತು. ಒಬ್ಬರು ಹರಳೆಣ್ಣೆ ತಂದರು, ಇನ್ನೊಬ್ಬರು ಬೆನ್ನ ಮೇಲೆ ಉರುಳಿಸಲು ಒನಕೆ ತಂದರು. ಕೊನೆಗೆ ಭೈರಮ್ಮನನ್ನೇ ಕರೆತಂದರು.

ಭೈರಮ್ಮ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಎಡಗಾಲಲ್ಲಿ ಮೂರು ಸಲ ಒದ್ದರೆ ಸೊಂಟದ ಉಳುಕು ಬಿಡುತ್ತದೆಂದು ಊರಿನ ನಂಬಿಕೆ. ತೂಕದಲ್ಲಿ ಅವಳು ಎರಡು ಮೂಟೆ ಕೊಬ್ಬರಿ. ಆಂಜನಪ್ಪನನ್ನು ಚಾಪೆಸಮೇತ ಹೊಸಲಿಗೆ ಎಳೆದು ಬೋರಲು ಹಾಕಿದರು. ಮೂರು ಒದೆ ಬಿದ್ದವು. ಅಡ್ಡ ಬಿದ್ದ ಒದೆಯಿಂದ ಉದ್ದ ಕಡಿಮೆಯಾಗುವುದಿಲ್ಲ ಎಂದು ಅವನು ಹಲ್ಲು ಕಚ್ಚಿ ಸಮಾಧಾನ ಮಾಡಿಕೊಂಡ.

"ಏಳ್ಲಾ ಈಗ" ಅಂದಳು ಭೈರಮ್ಮ.

ಅವನು ಏಳಲಿಲ್ಲ. ಜನ ಭೈರಮ್ಮನ ಕಾಲನ್ನು ಅನುಮಾನದಿಂದ ನೋಡಿದರು.

"ನನ್ ಕಾಲಲ್ಲಿ ಒದೆಸ್ಕಂಡೋರು ಒಬ್ರೂ ಹಿಂಗ್ ಮಲಗಿಲ್ಲ ಕಣ್ಲಾ. ನನ್ ಹೆಸರು ಕೆಡಿಸಬೇಕು ಅಂತಾನೇ ಬಿದ್ಕಂಡಿದೀಯಾ?"

ಪಕ್ಕದ ಮನೆಯ ರಂಗಪ್ಪ ಕೊಬ್ಬರಿ ಮಾರಲು ತಿಪಟೂರಿಗೆ ಗಾಡಿ ಹೂಡಿದ್ದ. ಪರೀಕ್ಷೆಗೆ ಹೋಗಲೇಬೇಕೆಂದು ಹಟ ಹಿಡಿದ ಆಂಜನಪ್ಪನನ್ನು, ಮೊದಲೇ ಮಾತಾಗಿದ್ದಂತೆ, ಮೂಟೆಗಳ ಮೇಲೆ ಹಲಗೆ ಹಾಕಿ ಮಲಗಿಸಿದರು. ಹೆಸರು ಉಳಿಸಿಕೊಳ್ಳಲು ಭೈರಮ್ಮನೂ ಹತ್ತಿದಳು. ಎತ್ತುಗಳಿಗೆ ನೀರು ಕುಡಿಸಲು ನಿಂತಲ್ಲೆಲ್ಲ ಅವನನ್ನು ಮಗುಚಿ ಮತ್ತೆ ಮೂರು ಒದ್ದಳು. ಹಾದಿಹೋಕರು ಇಣುಕಿ ನೋಡಿ ಲೊಚಗುಟ್ಟಿದರು. ಒಟ್ಟು ಹನ್ನೆರಡು ಒದೆ ತಿಂದ ಮನುಷ್ಯ ಆಕಾಶ ನೋಡುತ್ತಾ, ಮೈ ಕದಲಿಸದೆ, ಹಲಗೆಗೆ ಹೊಡೆದ ಮೊಳೆಯ ಹಾಗೆ ತಿಪಟೂರು ಸೇರಿದ.

ಹೆಸರು ಕರೆದ ಮೇಲೆಯೇ ಗಾಡಿಯಿಂದಿಳಿದು ಗೋಡೆಯ ಅಳತೆಪಟ್ಟಿಗೆ ಬೆನ್ನು ಕೊಟ್ಟು ನಿಂತ. ಡಾಕ್ಟರು ತಲೆಯ ಮೇಲೆ ಹಲಗೆ ಒತ್ತಿ ಎರಡು ಸಲ ನೋಡಿದರು. ನೂರ ಅರವತ್ತು, ಮೇಲೆ ಎರಡು ಮಿಲಿಮೀಟರ್. ಅವರು ಬರೆದುಕೊಳ್ಳಲು ಪೆನ್ನು ತೆಗೆದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಆಂಜನಪ್ಪನ ಮುಖ ನೆಟ್ಟಗಾಯಿತು.

ಬಾಗಿಲಲ್ಲಿ ಭೈರಮ್ಮ ನಿಂತಿದ್ದಳು. ಅವನು ನಿಂತದ್ದನ್ನು ಕಣ್ಣಾರೆ ಕಂಡಿದ್ದಳು.

"ನೆನ್ನೆಯಿಂದ ಏಳಕ್ಕಾಗ್ದೆ ಬಿದ್ದಿದ್ದ ಸ್ವಾಮಿ, ಸೊಂಟ ಬಿದ್ದೋಗಿತ್ತು. ಗಾಡೀಲಿ ಹೆಣದಂಗೆ ಹೊತ್ಕಂಡ್ ಬಂದ್ವಿ. ನಿಲ್ಲಿಸಿದ್ದು ಈ ಕಾಲು. ಅದನ್ನೂ ಒಂದ್ ಮಾತು ಬರ್ಕಳಿ."

ಡಾಕ್ಟರ ಪೆನ್ನು ನಿಂತಿತು. "ನಿಜಾನೇನಪ್ಪಾ? ಮಲಗಿಸ್ಕೊಂಡು ತಂದ್ರಾ?"

ಬೆನ್ನು ಚೆನ್ನಾಗಿದೆ ಎಂದರೆ, ಮತ್ತೇಕೆ ಮಲಗಿದ್ದೆ ಎಂದು ಕೇಳುತ್ತಾರೆ. ಅದನ್ನು ಹೇಳಿದರೆ ಸಂಜೆಗೆ ಇನ್ನೊಂದು ಸಲ ಅಳೆಯುತ್ತಾರೆ. ಆಂಜನಪ್ಪ ನೆಲ ನೋಡಿದ.

"ಕಂಡಕ್ಟರು ದಿನಾ ಎಂಟು ಗಂಟೆ ನಿಂತಿರ್ಬೇಕಪ್ಪಾ" ಎಂದು ಡಾಕ್ಟರು ಮೆಲ್ಲಗೆ ಹೇಳಿ, ಹಾಳೆಯಲ್ಲಿ ಎತ್ತರದ ಮುಂದೆ ಸರಿ ಗುರುತು ಹಾಕಿ, ಬೆನ್ನಿನ ಮುಂದೆ ಅಡ್ಡಗೆರೆ ಎಳೆದರು.

ವಾಪಸು ಬರುವಾಗ ಮೂಟೆಗಳಿರಲಿಲ್ಲ. ಆಂಜನಪ್ಪ ಗಾಡಿಯಲ್ಲಿ ಕೂತೇ ಬಂದ. ಸಂಜೆ ಊರ ಮುಂದೆ ಗಂಗಾಧರಯ್ಯನವರು ಗಾಡಿ ನಿಲ್ಲಿಸಿದರು. ಸುದ್ದಿ ಅವರಿಗೆ ಮುಟ್ಟಿತ್ತು. ಒಳ್ಳೆಯ ಮನುಷ್ಯ, ಮರುಕದಿಂದಲೇ ಮಾತಾಡಿದರು.

"ಇಂಥ ಬೆನ್ನಲ್ಲಿ ಮಟ್ಟೆ ಸುಲೀಬೇಡ ಬುಡಪ್ಪಾ. ಪಾಪ ನಮಗ್ಯಾಕೆ. ನಿನ್ ಜಾಗಕ್ಕೆ ಕಂದಿಕೆರೆಯೋನ್ ಒಬ್ಬಂಗೆ ಹೇಳಿದೀನಿ."

ಗಾಡಿಯ ಹಿಂದೆ ಆಗಲೇ ನಾಲ್ಕು ಜನ ಸೊಂಟ ಹಿಡಿದುಕೊಂಡು ಭೈರಮ್ಮನಿಗಾಗಿ ಕಾಯುತ್ತಿದ್ದರು. ನಿಜವಾಗಿ ವಾಸಿಯಾಯಿತಾ ಎಂದು ಅವರಲ್ಲೊಬ್ಬ ಕೇಳಿದಾಗ ಆಂಜನಪ್ಪ ಹೌದೆಂದು ತಲೆಯಾಡಿಸಿದ.

ತನ್ನ ಬೆನ್ನಿಗೆ ಏನೂ ಆಗಿರಲಿಲ್ಲ ಎಂಬುದನ್ನು ಆಂಜನಪ್ಪ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.