ರಕ್ತಪರೀಕ್ಷೆಗೆ ಕುಂಕುಮದ ಕರೆ

ಎಚ್‌ಐವಿ ಪರೀಕ್ಷೆಯ ಕೋಣೆಯಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ಆಂಧ್ರ ಗಡಿಯ ರಾಯದುರ್ಗದ ಸರ್ಕಾರಿ ಆಸ್ಪತ್ರೆಯ ನಮ್ಮ ಕೋಣೆಯಲ್ಲಿ ಒಂದು ವಾರ ಕೂತು ನೋಡಬೇಕು. ನಾನು ಅಲ್ಲಿ ಆಪ್ತಸಮಾಲೋಚಕಿ. ಬಿ.ಎ. ಪಾಸಾದವಳು, ಮನೆಯಲ್ಲಿ ಇಬ್ಬರು ಸೊಸೆಯರ ಅತ್ತೆ. ನನ್ನ ರಿಜಿಸ್ಟರಿನಲ್ಲಿ ಒಂದು ಗೆರೆ ತಪ್ಪಿದ್ದಿಲ್ಲ.

ಆ ಬೇಸಿಗೆಯಲ್ಲಿ ಮಾತ್ರ ರಿಜಿಸ್ಟರೇ ಖಾಲಿ. ಊರಿನಿಂದ ಸೋಂಕು ಓಡಿಸಬೇಕು, ಪ್ರತಿ ವಾರ್ಡಿನವರಿಗೂ ಪರೀಕ್ಷೆ ಆಗಬೇಕು ಎಂದು ಆದೇಶ ಬಂದಿತ್ತು. "ಈ ತಿಂಗಳೂ ಜನ ಬರದಿದ್ದರೆ ನಿಮ್ಮ ಕೋಣೆ ಬೇರೆ ಊರಿಗೆ ಹೋಗುತ್ತೆ" ಎಂದರು ಮೇಲಧಿಕಾರಿ. ಹೋದರೆ, ನಮ್ಮಲ್ಲಿ ಸದ್ದಿಲ್ಲದೆ ಬಂದು ಮಾತ್ರೆ ಒಯ್ಯುವವರು ದಿನವಿಡೀ ಬಸ್ಸಿನಲ್ಲಿ ಅಲೆಯಬೇಕು. ನಾನು ಬಾಗಿಲು ಕಾಯುತ್ತ ಕೂತೆ.

೧. ಗುರುತು ಸಿಗಬಾರದು

ನೆತ್ತಿ ಸುಡುವ ಬಿಸಿಲಲ್ಲಿ ಗುಮ್ಮಘಟ್ಟದ ಕಡೆಯ ಆಟೋದವನೊಬ್ಬ ಬಂದ. ತಲೆಗೆ ಮಂಕಿ ಕ್ಯಾಪ್, ಮೇಲೊಂದು ಶಾಲು, ಕಪ್ಪು ಕನ್ನಡಕ. ಹೊರರೋಗಿಗಳ ಸಾಲು ಪೂರ್ತಿ ತಿರುಗಿ ನೋಡಿತು.

"ಯಾಕಪ್ಪ, ಚಳಿಜ್ವರಾನ?"

"ಗುರುತು ಸಿಗಬಾರದಲ್ರಿ ಅಮ್ಮಾರೆ" ಎಂದ, ಬೆವರು ಒರೆಸಿಕೊಳ್ಳುತ್ತ.

ಸೋಂಕಿರಲಿಲ್ಲ. ಖುಷಿಯಿಂದ ಹೊರಗೋಡಿದ. ಬಾಗಿಲಿಗೆ ಅಡ್ಡವಾಗಿ ಅವನ ಆಟೋ ನಿಂತಿತ್ತು. ಅದರ ಬೆನ್ನ ಮೇಲೆ ಅವನ ಹೆಸರು, ಹೆಂಡತಿಯ ಹೆಸರು, ಇಬ್ಬರು ಮಕ್ಕಳ ಹೆಸರು, ಊರು, ಎಲ್ಲವೂ ಕೆಂಪಕ್ಷರದಲ್ಲಿ. ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ.

೨. ಗುಟ್ಟು

ಕಣ್ಣಿನ ಆಪರೇಷನ್ನಿಗೆ ಮುಂಚೆ ಪರೀಕ್ಷೆಗೆಂದು ಬೆಳುಗುಪ್ಪದ ಅಜ್ಜಿಯೊಬ್ಬಳು ಬಂದಳು. ಗಂಡನ ಹೆಸರು ಕೇಳಿದೆ.

"ಅವರ ಹೆಸರು ನಾನು ಹೆಂಗ ಹೇಳ್ಲಿ ತಾಯಿ?" ಎಂದು ತಲೆ ತಗ್ಗಿಸಿದಳು.

ನಮ್ಮ ಲ್ಯಾಬ್ ಟೆಕ್ನಿಷಿಯನ್ ಮಡಕಶಿರಾದವನು. "ನಾನ್ ಕೇಳ್ತೀನಿ ಇರಿ ಮೇಡಂ" ಎಂದು ಶುರುಮಾಡಿದ. "ರಾಮಪ್ಪನಾ? ತಿಮ್ಮಪ್ಪನಾ? ಅನುಮಂತಪ್ಪನಾ?" ದೇವರುಗಳೆಲ್ಲ ಮುಗಿದರೂ ಅಜ್ಜಿ ತುಟಿ ಬಿಚ್ಚಲಿಲ್ಲ. ಕೊನೆಗೆ ಸಂಚಿಯಿಂದ ಆಧಾರ್ ಕಾರ್ಡ್ ತೆಗೆದು ತೋರಿಸಿದಳು, ಗಂಡನ ಹೆಸರನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿ.

ಗುಟ್ಟು ಕಾಪಾಡುವುದು ಹೇಗೆಂದು ನಮಗೆ ಮೂರು ದಿನ ತರಬೇತಿ ಕೊಟ್ಟಿದ್ದರು. ಆಕೆ ಅದನ್ನು ಹಸೆಮಣೆ ಮೇಲೇ ಕಲಿತಿದ್ದಳು.

೩. ಬಿಟ್ಟುಹೋದ ಮನೆ

ತಿಂಗಳು ಮುಗಿಯಲು ಎರಡೇ ದಿನ. ಜೀನ್ಸ್ ಹೊಲಿಯುವವರ ಬೀದಿಯಲ್ಲಿ ಶಿಬಿರ ಹಾಕಿದೆವು. ಹೊಲಿಗೆ ಯಂತ್ರಗಳ ಸದ್ದು ತಟ್ಟನೆ ನಿಂತಿತು. "ಬೋರ್ಡ್ ನೋಡ್ತಲೇ ಹಿತ್ಲಿಂದ ಒಂಟೋದ್ರು ಮೇಡಂ" ಎಂದ ಟೆಕ್ನಿಷಿಯನ್. ಮೂಲೆಮನೆಯ ಯಜಮಾನಿಯಂತೂ "ಅಲ್ಲಿಗೆ ಬಂದ್ರ ನಮ್ಮ ಮರ್ಯಾದಿ ಏನಾಗಬೇಕ್ರಿ?" ಎಂದು ನಮ್ಮ ಮುಖದ ಮೇಲೇ ಬಾಗಿಲು ಹಾಕಿದಳು.

ಬರೀ ಬೋರ್ಡು ಓದಿ ನಮ್ಮ ಜನ ಯಾವ ಕಾರ್ಯಕ್ಕೆ ಹೋಗಿದ್ದಾರೆ? ಮದುವೆಗಾದರೂ ಮನೆಗೆ ಬಂದು ಕುಂಕುಮ ಕೊಟ್ಟು ಕರೆಯಬೇಕು. ಸಂಜೆ ಕುಂಕುಮದ ಬಟ್ಟಲು ಹಿಡಿದು ಹೊರಟೆ. ಪ್ರತಿ ಹೊಸ್ತಿಲಲ್ಲೂ ಕುಂಕುಮ ಕೊಟ್ಟು, "ನಾಳೆ ಎಚ್‌ಐವಿ ಪರೀಕ್ಷೆ ಐತ್ರಿ, ಮನಿಮಂದಿ ಎಲ್ಲ ಬರ್ರಿ" ಎಂದು ಕರೆದು, ಪಟ್ಟಿಯಲ್ಲಿ ಟಿಕ್ ಹಾಕಿಕೊಂಡೆ. ಮೂಲೆಮನೆಯ ಹತ್ತಿರ ಮಾತ್ರ ಸುಳಿಯಲಿಲ್ಲ.

ಮರುದಿನ ಬೀದಿಗೆ ಬೀದಿಯೇ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಬಂತು. ಒಬ್ಬಾಕೆ ನನಗೆಂದು ರವಿಕೆ ಕಣ ತಂದಿದ್ದಳು. ಒಬ್ಬೊಬ್ಬರನ್ನೇ ಪರದೆಯ ಹಿಂದೆ ಕೂರಿಸಿ, ವಿವರಿಸಿ, ಒಪ್ಪಿದವರ ರಕ್ತ ತೆಗೆದೆವು. ಹಿರಿಯರೊಬ್ಬರು ಅಂಗಿ ತೋಳು ಮಡಿಸುತ್ತ ಕೇಳಿದರು: "ಊಟದ ಮೊದಲ ಪಂಕ್ತಿ ಎಷ್ಟೊತ್ತಿಗ್ರಿ?"

ರಿಜಿಸ್ಟರ್ ತುಂಬಿತು. ಕೋಣೆ ಉಳಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಮೂಲೆಮನೆಯ ಯಜಮಾನಿ ಸೆರಗು ಬಿಗಿದು ಬಂದು ನಿಂತಳು.

"ಇಡೀ ಬೀದಿ ಕರದು ನಮ್ಮನಿ ಒಂದಾ ಬಿಟ್ರಲ್ಲ! ನಾಕು ಮಂದ್ಯಾಗ ನಮ್ಮ ಮರ್ಯಾದಿ ಏನಾಗಬೇಕ್ರಿ?"

ತಪ್ಪಾಯಿತೆಂದು ಕುಂಕುಮ ಕೊಟ್ಟೆ. ಮನೆಗೆ ಹೋಗಿ ಹನ್ನೊಂದು ಜನರನ್ನು ಹಿಂದೆ ಕಟ್ಟಿಕೊಂಡು ಬಂದು ಎಲ್ಲರ ರಕ್ತ ಕೊಡಿಸಿದಳು. ಆದರೂ ಸಿಟ್ಟು ಇಳಿಯಲಿಲ್ಲ.

"ಮುಂದಿನ ಸಲ ಮೊದಲ ಕುಂಕುಮ ನಮ್ಮನಿಗೆ. ಈಗಾ ಬರಕೊಳ್ರಿ, ನನ್ನ ಮುಂದಾ."

ಬರೆದುಕೊಂಡೆ. ಓದಿಸಿ ಕೇಳಿಕೊಂಡೇ ಹೋದಳು.