ಅಕ್ಷತೆ ಬಿದ್ದ ಕಂಪ್ಯೂಟರ್

ನಾನು ಯಾರ ತಂಟೆಗೂ ಹೋಗುವವನಲ್ಲ. ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಸ್ನಾನ, ಪೂಜೆ, ಪಾರಾಯಣ, ಸಂಜೆ ಹಲಸೂರು ಕೆರೆ ಕಡೆ ಒಂದು ಸುತ್ತು, ಇಷ್ಟೇ ನನ್ನ ದಿನಚರಿ. ಆದರೂ ಇಂಥ ಪ್ರಸಂಗಗಳು ನಮ್ಮ ಮನೆಯನ್ನೇ ಹುಡುಕಿಕೊಂಡು ಬರುತ್ತವೆ. "ದೇವರಿಗೂ ಆಗಾಗ ನಗಬೇಕು ಅನ್ಸುತ್ತೆ ರೀ, ಆಗ ನಿಮ್ಮ ನೆನಪಾಗುತ್ತೆ" ಎನ್ನುತ್ತಾಳೆ ನನ್ನಾಕೆ. ಹಾಗಿದ್ದರೆ ಅದೂ ಒಂದು ಸೇವೆಯೇ.

ಈ ಸಲ ನೆನಪಾದದ್ದು ಮಗಳ ಮದುವೆ ಮಾತಿನ ನೆಪದಲ್ಲಿ. ಅವಳು ಕೆಲಸ ಮಾಡುವ ಕಡೆಯೇ ಒಬ್ಬ ಹುಡುಗ ಮೆಚ್ಚಿಗೆಯಾಗಿದ್ದ. ನಮಗೂ ಒಪ್ಪಿಗೆ, ಅವನ ಅಪ್ಪ ಅಮ್ಮನಿಗೂ ಒಪ್ಪಿಗೆ. ಉಳಿದವರು ಅವನ ಅಜ್ಜಿ. ಧಾರವಾಡದ ಕಡೆಯವರು, ಈಗ ಮಗನ ಜೊತೆ ಕೃಷ್ಣರಾಜಪುರದಲ್ಲಿದ್ದಾರೆ. ಅವರು ಹೂಂ ಅನ್ನದೆ ಆ ಮನೆಯಲ್ಲಿ ಎಲೆಯೂ ಅಲ್ಲಾಡುವುದಿಲ್ಲ. ಅವರಿಗೋ ಮಂಡಿ ಆಪರೇಷನ್ ಆಗಿದೆ. ನಾವೇ ಬರುತ್ತೇವೆ ಎಂದದ್ದಕ್ಕೆ ಅವರು ಹೇಳಿಕಳಿಸಿದರು: "ಹೆಣ್ಣಿನವರು ಮೊದಲು ಗಂಡಿನ ಮನೀಗೆ ಬರೂದು ಪದ್ಧತಿ ಅಲ್ಲ. ಈ ಕಾಲು ತಗೊಂಡು ಆ ಟ್ರಾಫಿಕ್ಕಿನಾಗ ನಾ ಬರಂಗಿಲ್ಲ. ಅಂಗೈ ಅಗಲದ ಫೋನಿನಾಗ ಮಂದಿ ಮಾರಿ ನೋಡಿ ಸಂಬಂಧಾನೂ ಮಾಡಂಗಿಲ್ಲ."

ಕೊನೆಗೆ ಭಾನುವಾರ ಬೆಳಿಗ್ಗೆ ವಿಡಿಯೋದಲ್ಲಿ ಮಾತು ಎಂದಾಯಿತು. ಅವರ ಕಡೆ ದೊಡ್ಡ ಟಿವಿ. ನಮ್ಮ ಕಡೆ ಹಳೆಯ ಕಂಪ್ಯೂಟರ್, ಕ್ಯಾಮೆರಾ ಹಾಕಿದರೆ ಏದುಸಿರು ಬಿಡುವಂಥದ್ದು. ಅದಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡ್ ಒಂದನ್ನು ಹಾಕಿಸೋಣ, ಚಿತ್ರ ಚೆನ್ನಾಗಿ ಬರುತ್ತದೆ ಎಂದಳು ಮಗಳು. ಅಲ್ಲಿಂದ ಶುರು.

೧. ಅಕ್ಷತೆ

ನಮಗೆ ಕಂಪ್ಯೂಟರ್ ನೋಡಿಕೊಡುವವರು ಶಿವಾಜಿನಗರದವರು, ನನ್ನ ಬಾಯಲ್ಲಿ ಭಾಯ್. ಗುರುವಾರ ಬಂದು ಕಂಪ್ಯೂಟರಿನ ಡಬ್ಬ ಬಿಚ್ಚಿ ಹೊಸ ಕಾರ್ಡ್ ಕೂರಿಸಿದರು. ಮನೆಗೆ ಹೊಸ ವಸ್ತು ಬಂದಿದೆ, ಅದೂ ಮಗಳ ಶುಭಕಾರ್ಯಕ್ಕೆ. ನಾನು ಹರಿವಾಣ ಹಿಡಿದುಕೊಂಡು ಹತ್ತಿರ ಹೋದೆ.

"ಅಂಕಲ್, ಕಾರ್ಡ್ ಮೇಲೆ ಕುಂಕುಮ ಬೇಡ. ಶಾರ್ಟ್ ಆಗುತ್ತೆ."

"ಹಾಗಾದ್ರೆ ಎಲ್ಲಿ ಹಚ್ಲಿ ಭಾಯ್?"

"ಡಬ್ಬ ಮುಚ್ತೀನಿ, ಡಬ್ಬಕ್ಕೆ ಹಚ್ಚಿ. ಎಷ್ಟು ಬೇಕೋ ಅಷ್ಟು ಹಚ್ಚಿ."

ಹೇಳಿದ ಮಾತು ಮೀರುವವನಲ್ಲ ನಾನು. ಭಾಯ್ ಹೋದ ಮೇಲೆ ಡಬ್ಬಕ್ಕೇ ಅರಿಶಿನ ಕುಂಕುಮ ಇಟ್ಟು, ಹೂ ಏರಿಸಿ, ಮಂತ್ರ ಹೇಳಿ, ಮೇಲಿಂದ ಕೈತುಂಬ ಅಕ್ಷತೆ ಹಾಕಿದೆ. ಮಂಗಳಾರತಿಯವರೆಗೂ ಕಂಪ್ಯೂಟರ್ ಚೆನ್ನಾಗಿತ್ತು. ಆಮೇಲೆ ಒಳಗಿಂದ ಕಟಕಟ ಎಂದು ಸದ್ದು ಬಂತು, ನಿಂತಿತು. ಪರದೆ ಮೇಲಿನ ಬಾಣ ಎಲ್ಲಿತ್ತೋ ಅಲ್ಲೇ. ಆರಿಸಿ ಹಾಕಿದರೆ ಸ್ವಲ್ಪ ಹೊತ್ತು ಓಡಿ ಮತ್ತೆ ನಿಲ್ಲುತ್ತದೆ.

ಭಾಯ್ ಸಂಜೆಯೇ ಬಂದು ಬಿಚ್ಚಿದರು. ಡಬ್ಬದ ನೆತ್ತಿಯ ಮೇಲೆ ಗಾಳಿ ಆಡಲು ಜಾಲರಿ ಇರುತ್ತದೆಂದು ನನಗೇನು ಗೊತ್ತು. ಅಕ್ಷತೆ ಪೂರ್ತಿ ಒಳಗಿಳಿದು ಫ್ಯಾನಿನ ರೆಕ್ಕೆಗಳ ನಡುವೆ ಕೂತಿತ್ತು. ಫ್ಯಾನ್ ತಿರುಗದೆ ಒಳಗೆಲ್ಲ ಕೆಂಡದಂತೆ ಕಾದಿತ್ತು.

ಭಾಯ್ ಇಕ್ಕಳದಲ್ಲಿ ಒಂದೊಂದೇ ಕಾಳು ಎತ್ತುತ್ತ, ತಲೆ ಎತ್ತದೆ, "ಅಂಕಲ್, ಅಕ್ಕಿ ಹಾಕಿದೀರಿ, ಅರಿಶಿನ ಹಾಕಿದೀರಿ, ಬಿಸಿನೂ ಚೆನ್ನಾಗಿದೆ. ಉಪ್ಪು ಒಂದು ಬಿದ್ದಿದ್ರೆ ಇಲ್ಲೇ ಊಟ ಮುಗಿಸ್ಕೊಂಡು ಹೋಗ್ತಿದ್ದೆ" ಎಂದರು.

೨. ಗಳಿಗೆ

ಅಕ್ಕಿ ತೆಗೆದರೂ ಕಾಯಿಲೆ ಪೂರ್ತಿ ಹೋಗಲಿಲ್ಲ. ಕ್ಯಾಮೆರಾ ಹಾಕಿದರೆ ಮತ್ತೆ ನಿಲ್ಲುತ್ತಿತ್ತು. ಶುಕ್ರವಾರ ಭಾಯ್ ಮತ್ತೆ ಬಂದರು. ಬರುವ ಹೊತ್ತಿಗೆ ಹತ್ತೂವರೆ.

"ಭಾಯ್, ತಪ್ಪು ತಿಳ್ಕೋಬೇಡಿ. ಈಗ ತಾನೇ ರಾಹುಕಾಲ ಶುರುವಾಯ್ತು. ಮಗಳ ಮದುವೆ ವಿಷಯ. ಹನ್ನೆರಡರವರೆಗೂ ಮುಟ್ಟೋದು ಬೇಡ."

"ಪರವಾಗಿಲ್ಲ ಅಂಕಲ್. ಆದ್ರೆ ಹನ್ನೆರಡಕ್ಕೆ ಕೈ ಹಚ್ಚಿದ್ರೆ ಕೆಲಸ ನಡುವೆ ನಿಲ್ಲುತ್ತೆ. ಇವತ್ತು ಜುಮ್ಮಾ, ನಮಾಜಿಗೆ ಹೋಗ್ಬೇಕು."

"ಖಂಡಿತ ಹೋಗಿ. ದೇವರ ಕೆಲಸ ಮೊದಲು."

"ಮುಗಿಸಿ ಎರಡೂವರೆಗೆ ಬರ್ತೀನಿ."

"ಬನ್ನಿ. ಮೂರಕ್ಕೆ ಯಮಗಂಡ. ಅಷ್ಟರೊಳಗೆ ಆದ್ರೆ ಆಯ್ತು."

ಭಾಯ್ ಬೆರಳು ಮಡಿಸಿ ಲೆಕ್ಕ ಹಾಕಿದರು. "ಅಂದ್ರೆ ನಿಮ್ಮ ಕಡೆಯಿಂದ, ನಮ್ಮ ಕಡೆಯಿಂದ ಎಲ್ಲಾ ಕಳೆದು ಉಳಿದಿದ್ದು ಅರ್ಧ ಗಂಟೆ" ಎಂದರು. ನನಗೆ ಅದು ಬಹಳ ಪವಿತ್ರವಾದ ಗಳಿಗೆ ಎನಿಸಿತು.

ಮಾತಿಗೆ ತಪ್ಪದೆ ಬಂದರು. ನಾನು ದೀಪ ಹಚ್ಚಿಟ್ಟಿದ್ದೆ. ಅವರು ಕಣ್ಣು ಮುಚ್ಚಿ ಬಿಸ್ಮಿಲ್ಲಾ ಅಂದರು, ನಾನು ಗಣಪತಿಯನ್ನು ನೆನೆದೆ. ಎರಡೂ ಕಡೆ ಒಪ್ಪಿದ ಆ ಗಳಿಗೆಯಲ್ಲಿ ಭಾಯ್ ಬಟನ್ ಒತ್ತಿದರು. ಇಡೀ ಕಾಲೋನಿಯ ಕರೆಂಟ್ ಹೋಯಿತು.

೩. ಪಾರಾಯಣದ ಮಹಿಮೆ

ಕರೆಂಟ್ ಬಂದ ಮೇಲೆ ಭಾಯ್ ಎಲ್ಲವನ್ನೂ ಒರೆಸಿ ನೋಡಿ ಕಾರಣ ಹೇಳಿದರು. ಹೊಸ ಕಾರ್ಡ್ ತುಂಬ ಕಾವು ಬಿಡುತ್ತದೆ, ಒಳಗಿನ ಹಳೆಯ ಫ್ಯಾನಿಗೆ ಅದನ್ನು ತಣಿಸುವ ತಾಕತ್ತಿಲ್ಲ. ದೊಡ್ಡ ಫ್ಯಾನ್ ತರಿಸಬೇಕು, ಬರುವುದು ಸೋಮವಾರ. "ಅಲ್ಲಿವರೆಗೆ ಅದರ ಮೇಲೆ ಜಾಸ್ತಿ ಭಾರ ಹಾಕ್ಬೇಡಿ ಅಂಕಲ್" ಎಂದರು. ಮಾತುಕತೆಯೋ ಭಾನುವಾರ. ಮಗಳ ಮುಖ ಸಣ್ಣದಾಯಿತು.

"ಅಜ್ಜಿಗೆ ಹೇಳಿ ದಿನ ಮುಂದಕ್ಕೆ ಹಾಕಿಸೋಣ್ವಾ?" ಎಂದೆ.

"ಬೇಡಪ್ಪ. ಮುಂದಕ್ಕೆ ಹಾಕಿದ್ರೆ ಅಪಶಕುನ ಅಂತಾರಂತೆ. ಅವನ ಚಿಕ್ಕಪ್ಪನಿಗೆ ನೋಡಿದ್ದ ಸಂಬಂಧ ಹಾಗೇ ಬಿಟ್ಟುಹೋಗಿತ್ತಂತೆ."

ಶನಿವಾರ ನಾನು ಬೇರೆ ದಾರಿ ಕಾಣದೆ ಕಂಪ್ಯೂಟರಿನ ಮುಂದೆಯೇ ಮಣೆ ಹಾಕಿಕೊಂಡು ಸಹಸ್ರನಾಮಕ್ಕೆ ಕೂತೆ. ಮಗಳು ಕ್ಯಾಮೆರಾ ಹಾಕಿಟ್ಟಿದ್ದಳು. ಆಶ್ಚರ್ಯವೆಂದರೆ ಮೊದಲಿನಿಂದ ಕೊನೆಯವರೆಗೂ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಮುಗಿಸಿ ಕಾಫಿ ಕುಡಿಯಲು ಎದ್ದೆ, ನಿಂತಿತು. ಮಗಳು ಆರಿಸಿ ಹಾಕಿದಳು, ನಾನು ಮತ್ತೆ ಬಂದು ಕೂತೆ, ಸರಿಯಾಗಿ ಓಡಿತು. ನನಗೆ ಕಣ್ಣಲ್ಲಿ ನೀರೇ ಬಂತು. ಅಡುಗೆಮನೆಗೆ ಹೋಗಿ ನನ್ನಾಕೆಗೆ ಹೇಳಿದೆ.

ಅವಳು ಒಗ್ಗರಣೆ ಬಿಟ್ಟು ಬಂದು ಬಾಗಿಲಲ್ಲಿ ನಿಂತು ನೋಡಿದಳು. "ನೀವು ಪಾರಾಯಣಕ್ಕೆ ಕೂತಾಗ ಸೆಖೆ ಅಂತ ಟೇಬಲ್ ಫ್ಯಾನ್ ಹಾಕ್ಕೋತೀರಿ. ಏಳುವಾಗ ಆರಿಸ್ತೀರಿ. ಅದರ ಗಾಳಿ ಕಂಪ್ಯೂಟರಿಗೂ ಹೊಡೀತಿದೆ, ಅಷ್ಟೇ."

"ಸರಿ. ಆ ಫ್ಯಾನ್ ಹಾಕೋ ಬುದ್ಧಿ ನನಗೆ ಕೊಟ್ಟೋನು ಯಾರು?"

"ನಾನು" ಎಂದಳು. "ಮದುವೆ ಆದಾಗಿನಿಂದ ಕೊಡ್ತಾನೇ ಇದೀನಿ."

೪. ಧ್ಯಾನ

ಭಾನುವಾರ. ಟೇಬಲ್ ಫ್ಯಾನನ್ನು ಡಬ್ಬದ ಕಡೆಗೆ ತಿರುಗಿಸಿ ಹಾಕಿಟ್ಟು, ಮೂವರೂ ಸಾಲಾಗಿ ಕೂತೆವು. ಪರದೆಯ ಮೇಲೆ ಅಜ್ಜಿ ಕಾಣಿಸಿಕೊಂಡರು. ಕಾಲು ಚಾಚಿ, ಇಳಕಲ್ ಸೀರೆಯುಟ್ಟು, ಕಣ್ಣಿನಲ್ಲೇ ಅಳೆಯುವಂಥವರು. ಪಕ್ಕದಲ್ಲಿ ಹುಡುಗ.

"ಮಾತು ಶುರು ಮಾಡೋ ಮುಂಚೆ ಒಂದು ಪ್ರಾರ್ಥನೆ ಹೇಳ್ತೀನಿ ತಾಯಿ" ಎಂದು ನಾನು ಕೈ ಮುಗಿದು ಕಣ್ಣು ಮುಚ್ಚಿದೆ.

ಆಗಲೇ ನನ್ನಾಕೆಗೆ ಪರದೆಯ ಮೂಲೆಯಲ್ಲಿ ನಮ್ಮದೇ ಚಿತ್ರ ಕಂಡಿದ್ದು. ನನ್ನ ತಲೆಯ ಹಿಂದೆ ಹಗ್ಗದ ಮೇಲೆ ನನ್ನ ಚೌಕಳಿ ಲುಂಗಿ ಒಣಗುತ್ತಿತ್ತು. ಮಗಳ ಕಿವಿಯಲ್ಲಿ ಪಿಸುಗುಟ್ಟಿದಳು. ಹಿಂದಿನದೆಲ್ಲ ಮಸುಕಾಗಿ ಕಾಣುವಂತೆ ಮಾಡುವ ಒಂದು ಸೌಲಭ್ಯವಿದೆ, ಮಗಳು ಅದನ್ನು ಒತ್ತಿದಳು. ಭಾರ ಹಾಕಬೇಡಿ ಎಂದು ಭಾಯ್ ಹೇಳಿದ್ದರಲ್ಲ, ಅದೇ ಭಾರ. ನಾನು ಶ್ಲೋಕ ಮುಗಿಸಿ ಕಣ್ಣು ಬಿಟ್ಟರೆ ಕಂಪ್ಯೂಟರ್ ಕಲ್ಲಾಗಿತ್ತು.

ನಮ್ಮ ಕಡೆ ಗಾಬರಿಯೋ ಗಾಬರಿ. ಮಗಳು ಕೀಲಿಗಳನ್ನು ಒತ್ತಿದ್ದೇ ಒತ್ತಿದ್ದು. ಮೊದಲೇ ಅಪಶಕುನಕ್ಕೆ ಹೆದರುವ ಅಜ್ಜಿ, ಮಾತಿನ ಮೊದಲ ಗಳಿಗೆಯಲ್ಲೇ ಯಂತ್ರ ನಿಂತಿದೆ. "ಹುಡುಗನಿಗೆ ಫೋನ್ ಮಾಡಿ ರೀ" ಎಂದಳು ನನ್ನಾಕೆ. ಮಾಡಿದೆ, ಕಟ್ ಆಯಿತು. ಮತ್ತೆ ಮಾಡಿದೆ, ಕಟ್. ಮೂರನೇ ಸಲವೂ ಕಟ್ ಆದಾಗ ಮಗಳು ಮುಖ ಮುಚ್ಚಿಕೊಂಡು ಕೂತಳು. "ಮುಗೀತು ಅಪ್ಪ" ಎಂದಳು. ನಾನು ಮನಸ್ಸಿನಲ್ಲೇ, ತಂದೆ, ನನ್ನ ಲುಂಗಿಯ ತಪ್ಪನ್ನು ಮಗುವಿನ ಮೇಲೆ ಹಾಕಬೇಡ ಎಂದು ಬೇಡಿಕೊಂಡೆ.

ಆ ಕಡೆ ನಡೆದದ್ದನ್ನು ಹುಡುಗ ಆಮೇಲೆ ಹೇಳಿದ. ಅವರ ದೊಡ್ಡ ಟಿವಿಯ ಮೇಲೆ ನಾನು ಕೈ ಮುಗಿದು, ಕಣ್ಣು ಮುಚ್ಚಿ, ಹಾಗೆಯೇ ಉಳಿದುಬಿಟ್ಟಿದ್ದೆ. ಅಜ್ಜಿಯೂ ಕೈ ಮುಗಿದು ಕೂತಿದ್ದರು. ಸ್ವಲ್ಪ ಹೊತ್ತಿಗೆ ಒಂದು ಕಣ್ಣು ತೆರೆದು ನೋಡಿದರು, ನಾನು ಅಲ್ಲಾಡಿಲ್ಲ. ಮತ್ತೆ ಮುಚ್ಚಿದರು. ಅಷ್ಟರಲ್ಲಿ ಹುಡುಗನ ಫೋನ್ ಹೊಡೆದುಕೊಂಡಿತು.

"ಅಜ್ಜಿ, ಅವರದೇ..."

"ಕಟ್ ಮಾಡೋ. ಅಷ್ಟು ದೊಡ್ಡ ಮನುಷ್ಯಾ ಧ್ಯಾನಕ್ಕ ಕೂತಾರ, ನೀ ಫೋನ್ ಎತ್ತತಿ? ಹಿರಿಯರ ಮುಂದ ಹೆಂಗ ಕೂಡಬೇಕು ಅನ್ನೂದು ಆ ಮನೀಯವರನ್ನ ನೋಡಿ ಕಲಿ."

ಕಂಪ್ಯೂಟರ್ ಮತ್ತೆ ಬದುಕಿ ನಾವು ಕಾಣಿಸಿಕೊಂಡಾಗ ಅಜ್ಜಿಯ ಮುಖ ಬೆಳಗುತ್ತಿತ್ತು. "ಇನ್ನೇನು ಕೇಳೂದೈತ್ರೀ? ಅಷ್ಟೊತ್ತು ರೆಪ್ಪಿ ಸೈತ ಅಲ್ಲಾಡಲಿಲ್ಲ ನಿಮ್ಮದು. ಇಂಥ ಮನೀ ಹುಡುಗಿ ಬ್ಯಾಡ ಅನ್ನಾಕ ನಾ ಯಾರು. ಮುಹೂರ್ತ ನೋಡ್ರಿ."

ಮಗಳು ನನ್ನ ಕೈ ಚಿವುಟಿದಳು, ಸುಮ್ಮನಿರಿ ಎಂದು. ನನ್ನಾಕೆ ಇನ್ನೊಂದು ಕೈ ಚಿವುಟಿದಳು. ಆದರೆ ದೇವರ ಹೆಸರಿನಲ್ಲಿ ಸುಳ್ಳು ಹೇಳಿ ಮಗಳ ಮದುವೆ ಮಾಡಲು ನನ್ನಿಂದಾಗದು. "ತಾಯಿ, ಅದು ಧ್ಯಾನ ಅಲ್ಲ. ಕಂಪ್ಯೂಟರ್ ನಿಂತುಹೋಗಿತ್ತು. ನಾನು ಆಗಲೇ ಎದ್ದು ನಿಮಗೆ ಫೋನ್ ಮಾಡ್ತಾ ಇದ್ದೆ" ಎಂದು ಹೇಳಿಬಿಟ್ಟೆ.

ಅಜ್ಜಿ ನನ್ನನ್ನು ನೋಡಿದರು, ಮೊಮ್ಮಗನನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ನಿಂತಿದ್ದು ಮಷೀನು, ಖರೆ" ಎಂದರು. "ಆದ್ರ ನಿಂತಾಗ ನೀವು ಕೈ ಮುಗದಿದ್ರಿ. ನಮ್ಮ ಹುಡುಗನ್ನ ಯಾವಾಗರೆ ನಿಲ್ಲಿಸಿ ನೋಡ್ರಿ, ಬಾಯಾಗ ಚಕ್ಕುಲಿ ಇರ್ತದ."