ಹೊಸ್ತಿಲ ಕೆಳಗಿನ ಕುದುರೆ

ಹವ್ಯಾಸವಿರುವ ಗಂಡಸಿಗೆ ಮನೆಯಲ್ಲಿ ಮರ್ಯಾದೆ ಇರುವುದಿಲ್ಲ. ಕುಡಿತವಿದ್ದರೆ ಬೈಯುವುದಕ್ಕಾದರೂ ನಾಲ್ಕು ಜನ ಸೇರುತ್ತಾರೆ. ಹಳೆಯ ನಾಣ್ಯ ಕೂಡಿಡುವವನನ್ನು ಬೈಯುವವರೂ ಇಲ್ಲ. ಅದರಲ್ಲೂ ನನ್ನದು ಕೆಲ್ಟರ ನಾಣ್ಯದ ಹುಚ್ಚು. ಎರಡು ಸಾವಿರ ವರ್ಷದ ಹಿಂದೆ ಯುರೋಪಿನಲ್ಲಿದ್ದ ಆ ಜನಕ್ಕೂ ರಾಜಾಜಿನಗರದ ಬಾಡಿಗೆ ಮನೆಯ ಗುಮಾಸ್ತನಿಗೂ ಏನು ಸಂಬಂಧ ಎಂದು ಕೇಳಬೇಡಿ. ನನ್ನ ಹೆಂಡತಿ ಸುಮಾ ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ, ಉತ್ತರ ಇನ್ನೂ ಸಿಕ್ಕಿಲ್ಲ.

ಈ ಹುಚ್ಚಿನಲ್ಲಿ ನಾಣ್ಯಕ್ಕಿಂತ ಅದರ ಸ್ಥಿತಿ ಮುಖ್ಯ. ಸವೆದಿದೆಯೇ, ಅಚ್ಚೇ ಸರಿಯಾಗಿ ಬಿದ್ದಿಲ್ಲವೇ, ಯಾರಾದರೂ ಉಜ್ಜಿ ಹಾಳು ಮಾಡಿದ್ದಾರೆಯೇ ಎಂದು ಭೂತಗನ್ನಡಿ ಹಿಡಿದು ನೋಡಬೇಕು. ಈ ಚಾಳಿ ಎಲ್ಲಿಗೆ ಹೋದರೂ ಬೆನ್ನು ಬಿಡುವುದಿಲ್ಲ. ವಿಜಯನಗರದ ಮಾರ್ಕೆಟ್ಟಿನಲ್ಲಿ ಬದನೆಕಾಯಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗ ಅಂಗಡಿಯಾಕೆ, "ತಗೊಳೋದಾದ್ರೆ ತಗೊಳಿ ಸಾರ್, ಹೆಣ್ಣು ನೋಡೋಕೆ ಬಂದೋರ ಥರ ನೋಡ್ಬೇಡಿ" ಎಂದಿದ್ದಳು. ಇಷ್ಟು ನೋಡಿಯೂ ನನಗೆ ಸಿಕ್ಕಿದ್ದವು ಬಹುತೇಕ ಸವೆದವು. ಒಂದು ಮಾತ್ರ ಅಪರೂಪದ್ದು: ಹೆಬ್ಬೆರಳ ಉಗುರಿನಷ್ಟು ಬೆಳ್ಳಿ, ಒಂದು ಕಡೆ ಕೆದರುಗೂದಲಿನ ತಲೆ, ಇನ್ನೊಂದು ಕಡೆ ಕಾಲುಗಳೆಲ್ಲ ಬಿಡಿಬಿಡಿಯಾದ ಕುದುರೆ. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ ಒಂದೇ ಪಾಠ ಒಪ್ಪಿಸುತ್ತಿದ್ದೆ: "ಆ ಜನ ಇದನ್ನ ಮಣ್ಣಲ್ಲಿ ಹೂತಿಟ್ರು, ಅದಕ್ಕೇ ಉಳೀತು. ಕೈಯಿಂದ ಕೈಗೆ ಹೋಗಿದ್ರೆ ಯಾವತ್ತೋ ಹಾಳಾಗ್ತಿತ್ತು." ಬಂದವರು ಕಾಫಿ ಮುಗಿಸಿ ಹೊರಡುತ್ತಿದ್ದರು. ಸುಮಾ ಮಾತ್ರ ಪ್ರತಿ ಸಲವೂ ಕಿವಿಗೊಟ್ಟಿದ್ದಳೆಂಬುದು ನನಗೆ ತಿಳಿದಿರಲಿಲ್ಲ.

ಅವಳ ತಮ್ಮ ನಾಗರಾಜ ಕೆಂಗೇರಿ ಉಪನಗರದಲ್ಲಿ ಮನೆ ಕಟ್ಟಿಸುತ್ತಿದ್ದ. ಬಾಗಿಲು ಇಡುವ ಪೂಜೆಯ ದಿನ ನಾನು ನಾಣ್ಯ ಪ್ರದರ್ಶನವಿದೆಯೆಂದು ತಪ್ಪಿಸಿಕೊಂಡೆ. ಹೊಸ್ತಿಲ ಕೆಳಗೆ ನವರತ್ನ, ಪಂಚಲೋಹದ ಜೊತೆ ಬೆಳ್ಳಿ ನಾಣ್ಯ ಹಾಕುವುದು ಪದ್ಧತಿ. ಅದು ಅಕ್ಕನ ಕಡೆಯಿಂದ ಬರಲಿ ಎಂದರಂತೆ. ಸಂಜೆ ಬಂದು ಡಬ್ಬಿ ತೆರೆದರೆ ಕುದುರೆಯ ಜಾಗ ಖಾಲಿ.

"ಇಷ್ಟೊಂದಿರುವಾಗ ಅದೇ ಯಾಕೆ ಬೇಕಿತ್ತು ಕಣೇ?"

"ಸವೆದಿರೋದನ್ನ ದೇವ್ರ ಕೆಲ್ಸಕ್ಕೆ ಕೊಡ್ತಾರೇನ್ರೀ? ನಿಮ್ಮ ಭೂತಗನ್ನಡೀಲೇ ಎಲ್ಲಾನೂ ನೋಡಿ, ಚೆನ್ನಾಗಿರೋದನ್ನ ಆರಿಸ್ದೆ."

ಆಯ್ಕೆಯಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಅದೇ ಹೊಟ್ಟೆ ಉರಿಸಿತು. ಸಿಮೆಂಟು ಗಟ್ಟಿಯಾಗುವ ಮೊದಲು ತೆಗೆಸೋಣ ಎಂದೆ.

"ಇಟ್ಟ ಬಾಗಿಲು ಕೀಳ್ತಾರಾ? ನನ್ನ ತಮ್ಮನ ಮನೆ ಏಳಿಗೆ ಆಗ್ಬಾರ್ದಾ? ಮಣ್ಣಲ್ಲಿದ್ರೇ ಉಳಿಯೋದು ಅಂತ ನೀವೇ ಅಲ್ವಾ ಹೇಳ್ತಿದ್ದಿದ್ದು?"

ನನ್ನ ಪಾಠ ಇಷ್ಟು ಚೆನ್ನಾಗಿ ಕಲಿತ ಶಿಷ್ಯೆ ಇನ್ನೊಬ್ಬಳಿಲ್ಲ. ಆ ಸಿಟ್ಟು ಇಂದಿಗೂ ಇಳಿದಿಲ್ಲ. ಸಾಲದ್ದಕ್ಕೆ, "ಭಾವ ಪ್ರಾಣದಂಥ ನಾಣ್ಯಾನೇ ಕೊಟ್ಬಿಟ್ರು" ಎಂದು ನಾಗರಾಜ ನೆಂಟರಿಗೆಲ್ಲ ಸಾರಿದ. ಬೇಡವೆಂದರೂ ದಾನಶೂರನಾದೆ.

ಗೃಹಪ್ರವೇಶದ ದಿನ ಎಲ್ಲರೂ ಹೊಸ್ತಿಲು ದಾಟಿ ಒಳಗೆ ಹೋದರು. ನಾನು ಮಾತ್ರ ಮಂಡಿಯೂರಿ ಕೂತೆ. "ನೋಡಕ್ಕಾ, ಭಾವಂಗೆ ಎಷ್ಟು ಭಕ್ತಿ!" ಎಂದ ನಾಗರಾಜ. ನಾನು ಸಿಮೆಂಟು ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ನೋಡುತ್ತಿದ್ದೆ. ಎಲ್ಲೂ ಇಲ್ಲ, ಕುದುರೆ ಇನ್ನೆರಡು ಸಾವಿರ ವರ್ಷಕ್ಕೆ ಭದ್ರ. ಏಳಲು ಹೋದರೆ ನನ್ನ ಮೊಣಕಾಲೇ ಹಿಡಿದುಕೊಂಡಿತು. ನಾಗರಾಜ ತೋಳು ಹಿಡಿದು ಎಬ್ಬಿಸಿದ. ಸುಮಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸವೆದುಹೋಗಿದೀರಾ ಕಣ್ರೀ" ಎಂದಳು.